ಪತಿಯೂ ಸೋದರಮಾವನೂ ಆದ ಬಸವಣ್ಣನವರು

(ಶ್ರೀಮಠದ ಮಹೋತ್ಸವದ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಬಸವೇಶ್ವರರನ್ನು ಕುರಿತ ಉಪನ್ಯಾಸಗಳು ಇಂಥ ಸಭೆಗಳಲ್ಲಿ ವರ್ಷ ವರ್ಷವೂ ನಡೆಯುತ್ತಿರುವವು. ಅವರು ಭಕ್ತಿಭಂಡಾರಿಗಳಾದದ್ದು, ಕಳಚುರಿ ಬಿಜ್ಜಳನಲ್ಲಿ ದಂಡನಾಯಕ ಪದವಿಯನ್ನು ವಹಿಸಿದ್ದು, ಕುಲಭೇದವನ್ನು ಅಲ್ಲಗಳೆದದ್ದು, ಕಾಯಕಕ್ಕೆ ಪೂಜೆಯ ಪಟ್ಟವನ್ನು ಕಟ್ಟಿದ್ದು, ಇವೆಲ್ಲವೂ ಭಕ್ತರ ಕಿವಿಗೆ ಚಿರಪರಿಚಿತವಾದ ಸಂಗತಿಗಳು. ಆದರೆ ಕಲ್ಯಾಣದ ಮಹಾಮನೆಯು ಮಹಾಮನೆಯಾಗುವದಕ್ಕಿಂತ ಮುಂಚೆ ಒಂದು ಮನೆಯಾಗಿತ್ತೆಂಬದು ಮಾತ್ರ ಅಷ್ಟಾಗಿ ನೆನಪಿಗೆ ಬರುವದಿಲ್ಲ. ಅಲ್ಲಿ ಒಲೆ ಉರಿಯುತ್ತಿತ್ತು, ಕೊಟ್ಟಿಗೆಯಲ್ಲಿ ಆಕಳುಗಳೂ ಕರುಗಳೂ ಇದ್ದವು, ಗಂಗಾಂಬಿಕೆ ನೀಲಾಂಬಿಕೆಯರೆಂಬ ಧರ್ಮಪತ್ನಿಯರಿದ್ದರು, ಅಕ್ಕ ನಾಗಲಾಂಬಿಕೆಯಿದ್ದಳು, ಆಕೆಯ ಮಗನಾದ ಚೆನ್ನಬಸವಣ್ಣನು ಸೋದರಮಾವನ ಕಣ್ಣೆದುರಿಗೆ ಬೆಳೆಯುತ್ತಿದ್ದನು. ಆ ಮನೆಯ ಯಜಮಾನನು ಎಂಥ ಗಂಡನಾಗಿದ್ದನು, ಎಂಥ ಮಾವನಾಗಿದ್ದನು ಎಂಬದೇ ಈ ದಿನದ ವಿಷಯವು.

ಇದು ಸಣ್ಣ ವಿಷಯವೆಂದು ಯಾರೂ ತಿಳಿಯಬಾರದು. ಒಬ್ಬ ಮನುಷ್ಯನನ್ನು ಊರಿನವರು ಬಣ್ಣಿಸುವ ಬಗೆ ಒಂದು, ಅವನ ಮನೆಯವರು ಬಲ್ಲ ಬಗೆ ಇನ್ನೊಂದು. ಸಭೆಯಲ್ಲಿ ಸಮಾಧಾನಿಯಾದವನು ಮನೆಯಲ್ಲಿ ಸಿಡುಕನಾಗಿರುವದನ್ನೂ, ಪರರಿಗೆ ಉದಾರಿಯಾದವನು ಹೆಂಡತಿಯ ಮುಂದೆ ಬಿಗಿಮುಷ್ಟಿಯವನಾಗಿರುವದನ್ನೂ ಲೋಕವು ಕಂಡಿದೆ. ಮನೆಯ ಜನರಿಗೆ ಪವಾಡಗಳು ಬೇಕಾಗುವದಿಲ್ಲ. ಅವರು ನಿತ್ಯದ ಮಾತನ್ನು ನೋಡುವರು.

ಆಧಾರಗಳ ಮಾತನ್ನು ಮೊದಲೇ ಹೇಳಿಬಿಡುವದು ಒಳ್ಳೆಯದು. ಹರಿಹರನ ಬಸವರಾಜದೇವರ ರಗಳೆಯು ಬಸವಣ್ಣನವರ ಕಾಲಕ್ಕೆ ಎಲ್ಲಕ್ಕಿಂತ ಸಮೀಪವಾದ ಚರಿತ್ರೆಯು. ತರುವಾಯ ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನ ಬಸವಪುರಾಣವೂ, ಅದನ್ನನುಸರಿಸಿ 1369ರಲ್ಲಿ ಭೀಮಕವಿಯ ಕನ್ನಡ ಬಸವಪುರಾಣವೂ ಹುಟ್ಟಿದವು. ಶೂನ್ಯಸಂಪಾದನೆಯು ಹದಿನೈದನೆಯ ಶತಮಾನದಲ್ಲಿ ಸಂಕಲಿತವಾಗತೊಡಗಿತು. ಇವುಗಳಲ್ಲಿ ಪರಸ್ಪರ ಭೇದಗಳುಂಟು. ಹರಿಹರನು ಬಸವಣ್ಣನವರ ಪತ್ನಿಯರನ್ನು ಗಂಗಾದೇವಿ, ಮಾಯಿದೇವಿಯೆಂದು ಕರೆಯುವನು. ಮುಂದಿನ ಪರಂಪರೆಯಲ್ಲಿ ಗಂಗಾಂಬಿಕೆ, ನೀಲಾಂಬಿಕೆಯರ ಹೆಸರುಗಳೇ ನೆಲೆನಿಂತವು. ಹರಿಹರನ ಪ್ರಕಾರ ಬಾಲಕ ಬಸವನು ತಂದೆತಾಯಿಗಳನ್ನು ಕಳೆದುಕೊಂಡು ಮುತ್ತವ್ವೆಯ ಕೈಯಲ್ಲಿ ಬೆಳೆದನು. ಉಳಿದವರ ಪ್ರಕಾರ ಉಪನಯನದ ವಿಷಯದಲ್ಲಿ ತಂದೆಯೊಡನೆ ಭಿನ್ನಮತವಾಗಿ, ಅಕ್ಕನೊಡನೆ ಬಾಗೇವಾಡಿಯನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದನು. ಎರಡರಲ್ಲಿ ಯಾವದು ನಿಜವಾದರೂ ಒಂದು ಮಾತು ಉಳಿಯುವದು: ಎಳೆತನದಲ್ಲಿಯೇ ಹುಟ್ಟಿದ ಮನೆಯು ತಪ್ಪಿಹೋದ ಹುಡುಗನು ಅವನು. ಮುಂದೆ ಕಲ್ಯಾಣದಲ್ಲಿ ಅವನು ಕಟ್ಟಿದ ಮನೆಗೆ ಬಾಗಿಲು ಹಾಕುವ ಪದ್ಧತಿಯೇ ಇಲ್ಲದೆ ಹೋದದ್ದರ ಕಾರಣವನ್ನು ಇಲ್ಲಿ ಹುಡುಕಿದರೆ ತಪ್ಪಾಗಲಾರದು.

ಪುರಾಣಗಳಿಗಿಂತಲೂ ಹೆಚ್ಚಿನ ಸಾಕ್ಷಿಯೆಂದರೆ ಬಸವಣ್ಣನವರ ವಚನಗಳೇ. ತಾಳೆಯ ಗರಿಗಳಲ್ಲಿ ಮಠಮನೆಗಳ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಆ ಮಾತುಗಳನ್ನು ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೂಲಕ ಎಲ್ಲರ ಕೈಗೆ ಮುಟ್ಟುವಂತೆ ಮಾಡಿದರು. ಆ ವಚನಗಳನ್ನು ಭಕ್ತಿಯಿಂದ ಕಣ್ಣುಮುಚ್ಚಿ ಕೇಳುವವರೇ ಹೆಚ್ಚು. ಕಣ್ತೆರೆದು ಕೇಳಿದವರಿಗೆ ಅಲ್ಲಲ್ಲಿ ನಗೆಯು ತಡೆಯದೆ ಬರುವದು. ಕಲ್ಲಿನ ಹಾವಿಗೆ ಹಾಲೆರೆದು ನಿಜವಾದ ಹಾವಿಗೆ ಬಡಿಗೆಯನ್ನೆತ್ತುವವರನ್ನೂ, ಉಣ್ಣಲಾರದ ಲಿಂಗಕ್ಕೆ ಬೋನವನ್ನಿಟ್ಟು ಉಣ್ಣಬಲ್ಲ ಜಂಗಮನನ್ನು ಬಾಗಿಲಿನಿಂದ ದಬ್ಬುವವರನ್ನೂ, ಬೆಂಕಿಯನ್ನು ಕಂಡರೆ ಕರಗುವ ಅರಗಿನ ದೈವಗಳನ್ನು ನಂಬಿದವರನ್ನೂ ಅವರು ತೋರಿಸುವ ರೀತಿಯು ಬೈಯುವವನ ರೀತಿಯಲ್ಲ, ಕಂಡದ್ದನ್ನು ಕಂಡಹಾಗೆ ಹೇಳಿ ಸುಮ್ಮನಾಗುವ ವಿನೋದಿಯ ರೀತಿಯು.

ಈ ವಿನೋದವು ಪರರನ್ನು ಚುಚ್ಚುವದಕ್ಕಾಗಿಯೇ ಇದ್ದಿದ್ದರೆ ಅದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ಅಂಥ ಚತುರರು ಪ್ರತಿಯೊಂದು ಊರಿನ ಕಟ್ಟೆಯ ಮೇಲೂ ಸಿಕ್ಕುವರು. ಬಸವಣ್ಣನವರು ಎಲ್ಲಕ್ಕಿಂತ ಮೊದಲು ನಕ್ಕದ್ದು ತಮ್ಮನ್ನು ನೋಡಿಯೇ. ಅವರು ಅಗ್ರಹಾರದ ಕುಲೀನರ ಮಗನು, ರಾಜನ ಭಂಡಾರದ ಅಧಿಕಾರಿಯು. ಆ ಕಾಲದ ಅಧಿಕಾರಿಗಳು ಶಿಲಾಶಾಸನಗಳಲ್ಲಿ ತಮ್ಮ ವಂಶಾವಳಿಯನ್ನು ಗೇಣುದ್ದ ಬಿರುದುಗಳೊಡನೆ ಕೆತ್ತಿಸುತ್ತಿದ್ದರು. ಬಸವಣ್ಣನವರು ತಮಗೂ ಒಂದು ವಂಶಾವಳಿಯನ್ನು ರಚಿಸಿಕೊಂಡರು: ಮಾದಾರ ಚೆನ್ನಯ್ಯನ ಮನೆಯ ಆಳಿನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ತೊತ್ತಿನ ಮಗಳಿಗೂ ಬೆರಣಿಗೆಂದು ಹೊಲಕ್ಕೆ ಹೋದಾಗ ಆದ ಕೂಟದಿಂದ ತಾವು ಹುಟ್ಟಿದವರೆಂದು ಸಾರಿದರು. ಇದನ್ನು ಕೇಳಿ ಅರಮನೆಯ ಕುಲೀನರು ಏನು ಮಾಡಬೇಕು? ನಕ್ಕರೆ ತಮ್ಮ ವಂಶಾವಳಿಗಳಿಗೂ ನಕ್ಕಂತಾಗುವದು, ನಗದಿದ್ದರೆ ನಂಬಿದಂತಾಗುವದು. ಹಾಗೆಯೇ ತಮ್ಮನ್ನು ಹೊಗಳುವ ಸಜ್ಜನರಿಗೆ, ನಿಮ್ಮ ಹೊಗಳಿಕೆಯು ಶೂಲವೇ ಸರಿ, ಹೊನ್ನಿನಿಂದ ಮಾಡಿದ್ದರಿಂದ ನೋವು ಕಡಿಮೆಯಾಗುವದಿಲ್ಲ ಎಂಬ ಭಾವದ ಮಾತನ್ನು ಹೇಳಿದರು. ಮಹೋತ್ಸವದ ಸಂಪುಟಗಳನ್ನು ತೆಗೆಯುವವರು ಈ ವಚನವನ್ನು ಆಗಾಗ ನೆನೆಯುವದು ಒಳ್ಳೆಯದು.

ಇಂಥ ಮನುಷ್ಯನೊಡನೆ ಸಂಸಾರ ಮಾಡುವದು ಹೇಗಿದ್ದೀತು? ಎರಡು ಕಥೆಗಳನ್ನು ಎಲ್ಲರೂ ಬಲ್ಲರು. ಒಂದು ರಾತ್ರಿ ಕಳ್ಳರು ಮಹಾಮನೆಯ ಆಕಳುಗಳನ್ನು ಹೊಡೆದುಕೊಂಡು ಹೋದರು. ಆಳುಗಳು ಗದ್ದಲ ಮಾಡುತ್ತ ಬಂದು ಸುದ್ದಿಯನ್ನು ತಿಳಿಸಿದರೆ ಬಸವಣ್ಣನವರು ಬೊಬ್ಬೆಯಿಡಬೇಡಿರೆಂದು ಹೇಳಿ, ತಾಯಿಗಳನ್ನು ಅಗಲಿದ ಕರುಗಳು ಹಸಿದು ಒರಲುವವಲ್ಲಾ, ಅವನ್ನೂ ಹೊಡೆದುಕೊಂಡು ಹೋಗಿ ಕಳ್ಳರಿಗೆ ಒಪ್ಪಿಸಿ ಬನ್ನಿರೆಂದು ಆಜ್ಞಾಪಿಸಿದರು. ಅರಸನ ಭಂಡಾರದಲ್ಲಿ ಒಂದು ಕಾಸಿನ ಲೆಕ್ಕವನ್ನೂ ತಪ್ಪಗೊಡದ ಕರಣಿಕನ ಮನೆಯ ಲೆಕ್ಕವು ಹೀಗಿತ್ತು! ಭಂಡಾರವನ್ನು ಜಂಗಮರಿಗೆ ಸುರಿಯುತ್ತಿರುವನೆಂದು ಕೊಂಡೆಯರು ಬಿಜ್ಜಳನಲ್ಲಿ ದೂರಿದಾಗ, ಎಣಿಸಿ ನೋಡಿದರೆ ಕೊರತೆಯೇನೂ ಕಾಣಲಿಲ್ಲವೆಂದು ಚರಿತ್ರೆಕಾರರೆಲ್ಲರೂ ಒಂದೇ ಬಾಯಿಂದ ಹೇಳುವರು. ಅದನ್ನು ಪವಾಡವೆಂದು ನಂಬುವವರು ನಂಬಲಿ. ಪರರ ಹಣದಲ್ಲಿ ಬಿಗಿ, ಸ್ವಂತದ ಹಣದಲ್ಲಿ ಸಡಿಲು ಎಂಬ ಅವರ ಸ್ವಭಾವವೇ ಅದಕ್ಕೆ ಸಾಕಾದ ವಿವರಣೆಯಾಗಿದೆ.

ಇನ್ನೊಂದು ಕಥೆಯು ಓಲೆಯದು. ಭಕ್ತನ ವೇಷದಿಂದ ಮನೆಯನ್ನು ಹೊಕ್ಕ ಕಳ್ಳನೊಬ್ಬನು ನಡುರಾತ್ರಿಯಲ್ಲಿ ಮಲಗಿದ್ದ ಪತ್ನಿಯ ಕಿವಿಯ ಓಲೆಗೆ ಕೈಹಾಕಿದನು. ಆಕೆ ಬೆದರಿ ಕೂಗಿದಳು. ಎಚ್ಚೆತ್ತ ಪತಿಯು ಕಳ್ಳನನ್ನು ಹಿಡಿಯಲಿಲ್ಲ. ಎಳೆದೆಳೆದು ಆತನ ಕೈ ನೊಂದೀತು, ನೀನೇ ತೆಗೆದು ಕೊಟ್ಟುಬಿಡು ಎಂದು ಹೆಂಡತಿಗೇ ಹೇಳಿದನು. ಈ ಕಥೆಯನ್ನು ಕೇಳಿದ ಸಭೆಯು ಬಸವಣ್ಣನವರ ಔದಾರ್ಯಕ್ಕೆ ತಲೆದೂಗುವದು ವಾಡಿಕೆಯಾಗಿದೆ. ತಾಯಂದಿರು ಮಾತ್ರ ಇಲ್ಲಿ ಬೇರೊಂದನ್ನು ವಿಚಾರಿಸಬಹುದು. ಕೈ ಕಳ್ಳನದು, ಮಾತು ಗಂಡನದು, ಕಿವಿ ಯಾರದು? ಗಂಡನ ದಾನದ ವೆಚ್ಚವು ಹೆಂಡತಿಯ ಕಿವಿಯಿಂದ ಹೊರಡುವ ಪ್ರಸಂಗವಿದು. ಕವಿಗಳು ಆಕೆಯ ಮನಸ್ಸಿನೊಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆದರೂ ನಿತ್ಯವೂ 1,96,000 ಜಂಗಮರಿಗೆ ದಾಸೋಹ ನಡೆಯಿತೆಂದು ಪರಂಪರೆಯು ಹೇಳುವಾಗ, ಆ ಸಂಖ್ಯೆಯನ್ನು ಎಷ್ಟು ಇಳಿಸಿದರೂ, ಹಿಟ್ಟು ಕಲಸಿದ ಕೈಗಳನ್ನೂ ಹೊಗೆ ತಾಗಿದ ಕಣ್ಣುಗಳನ್ನೂ ಮರೆಯಲಾಗದು. ಪತ್ನಿಯರು ಹೊತ್ತುಕೊಂಡದ್ದರಿಂದಲೇ ಬಸವಣ್ಣನವರ ಔದಾರ್ಯವು ನಡೆದುಬಂದಿತು. ಕಲ್ಯಾಣದ ಜನರು ಇದನ್ನು ಅರಿತಿದ್ದರು. ನೀಲಾಂಬಿಕೆಯನ್ನು ಶರಣರು ವಿಚಾರಪತ್ನಿಯೆಂದು ಕರೆದರು. ಗಂಡನ ಮಾತಿಗೆ ಹೂಂಗುಟ್ಟುವವಳಿಗೆ ಆ ಹೆಸರು ಸಲ್ಲುವದಿಲ್ಲ. ಆತನ ವಿಚಾರವನ್ನು ತಾನೂ ಒರೆಗೆ ಹಚ್ಚಿ ನೋಡುವವಳಿಗೆ ಮಾತ್ರ ಸಲ್ಲುವದು.

ಮನೆಗೆ ಬಂದವರನ್ನು ಅವಮಾನಿಸದಿರುವದು ಆ ಮನೆಯ ನೇಮವಾಗಿತ್ತು. ಪ್ರಸಾದದ ಆಸೆಯಿಂದ ಒಬ್ಬನು ಲಿಂಗವಿಲ್ಲದಿದ್ದರೂ ಬದನೆಯ ಕಾಯನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಪಂಕ್ತಿಯಲ್ಲಿ ಕುಳಿತನು. ಪೂಜೆಯ ಹೊತ್ತಿಗೆ ವಸ್ತ್ರವನ್ನು ಬಿಚ್ಚಿದರೆ ಬದನೆಯ ಕಾಯಿ ಲಿಂಗವಾಗಿತ್ತೆಂದು ಪುರಾಣವು ಹೇಳುವದು. ಲಿಂಗವಾಗುವದಕ್ಕಿಂತ ಮುಂಚಿನ ಒಂದು ಕ್ಷಣವನ್ನು ಯೋಚಿಸಬೇಕು. ಗಂಟಿನ ಆಕಾರವನ್ನು ನೋಡಿಯೇ ಒಳಗಣ ಹೂರಣವನ್ನು ತಿಳಿಯಲಾರದಷ್ಟು ಮುಗ್ಧರೇ ಬಸವಣ್ಣನವರು? ಪಂಕ್ತಿಯಿಂದ ಎಬ್ಬಿಸಿ ನಗೆಗೀಡು ಮಾಡುವದು ಅವರಂಥ ಮಾತುಗಾರರಿಗೆ ಅತ್ಯಂತ ಸುಲಭವಾಗಿತ್ತು. ಅವರು ಬಾಯಿ ಬಿಡಲಿಲ್ಲ. ಎಲ್ಲಿ ಮಾತಾಡಬೇಕೆಂಬದನ್ನು ಬಲ್ಲ ವಿನೋದಿಗಳು ಹಲವರು. ಎಲ್ಲಿ ಸುಮ್ಮನಿರಬೇಕೆಂಬದನ್ನು ಬಲ್ಲವರು ವಿರಳ.

ಇನ್ನು ಸೋದರಳಿಯನ ವಿಷಯ. ಚೆನ್ನಬಸವಣ್ಣನವರು ಕಿರಿಯ ವಯಸ್ಸಿನಲ್ಲಿಯೇ ಷಟ್‌ಸ್ಥಲದ ಮರ್ಮವನ್ನು ಬಿಡಿಸಿ ಹೇಳಬಲ್ಲವರಾಗಿ ಅವಿರಳಜ್ಞಾನಿಯೆಂದು ಹೆಸರಾದರು. ಈ ಕಡೆಯ ಮನೆಗಳಲ್ಲಿ ಸೋದರಮಾವನ ಸ್ಥಾನವು ಎಷ್ಟು ದೊಡ್ಡದೆಂಬದನ್ನು ಹೇಳಬೇಕಾಗಿಲ್ಲ. ಮದುವೆಯ ಮಾತು ಆತನಿಲ್ಲದೆ ಮುಗಿಯುವದಿಲ್ಲ. ಅಳಿಯನು ಎಷ್ಟು ಓದಿದರೂ ಮಾವನ ಮುಂದೆ ಅವನು ಹುಡುಗನೇ. ಮಾವನು ರಾಜ್ಯದ ಮಂತ್ರಿಯೂ ಆಗಿ, ಅಳಿಯನು ಅವನ ಅನ್ನವನ್ನುಂಡು ಬೆಳೆದವನೂ ಆಗಿದ್ದರೆ ಹೇಳತಕ್ಕದ್ದೇನು? ಆದರೆ ವಚನಗಳಲ್ಲಿ ಬಸವಣ್ಣನವರು ಅಕ್ಕನ ಮಗನ ಹೆಸರನ್ನು ಎತ್ತುವಾಗಲೆಲ್ಲ ಅಣ್ಣನೆಂಬ ಗೌರವವನ್ನು ಸೇರಿಸಿಯೇ ಎತ್ತುವರು. ಆತನ ಪ್ರಸಾದದಿಂದ ತಾವು ಬದುಕಿದೆವೆಂಬ ಭಾವವನ್ನು ನುಡಿಯುವರು. ಇದು ಬರಿಯ ವಿನಯದ ಮಾತೇ ಎಂದು ಸಂಶಯಪಡುವವರು ಶೂನ್ಯಸಂಪಾದನೆಯ ಒಂದು ಪ್ರಸಂಗವನ್ನು ನೋಡಬೇಕು.

ಅಲ್ಲಮಪ್ರಭುದೇವರು ಸೊನ್ನಲಿಗೆಯ ಸಿದ್ಧರಾಮಯ್ಯನವರನ್ನು ಕರೆದುಕೊಂಡು ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತರು. ಎಷ್ಟೋ ದಿವಸಗಳಿಂದ ಹಂಬಲಿಸಿ ಕಾದ ಅತಿಥಿಯು ಬಂದದ್ದಾಯಿತು. ಆ ಹೊತ್ತಿಗೆ ಬಸವಣ್ಣನವರು ಲಿಂಗಪೂಜೆಯಲ್ಲಿ ಕುಳಿತಿದ್ದರು. ಒಳಗೆ ಬರಮಾಡಿಕೊಳ್ಳಲೆಂದು ಹಡಪದ ಅಪ್ಪಣ್ಣನನ್ನು ಕಳುಹಿಸಿದರು. ಪ್ರಭುದೇವರು ಹೆಜ್ಜೆಯನ್ನು ಕದಲಿಸಲಿಲ್ಲ. ಆಗ ಚೆನ್ನಬಸವಣ್ಣನವರು ಮಾವನ ಸಮೀಪಕ್ಕೆ ಬಂದು, ಜಂಗಮವು ಬಾಗಿಲಲ್ಲಿ ನಿಂತಿರುವಾಗ ಇದೆಂಥ ಪೂಜೆ, ತಾವೇ ಎದ್ದು ಹೋಗಿ ಎದುರುಗೊಳ್ಳಬೇಕು ಎಂಬ ಅಭಿಪ್ರಾಯವನ್ನು ನಿಷ್ಠುರವಾಗಿ ತಿಳಿಸಿದರು. ಉಣ್ಣುವ ಜಂಗಮನನ್ನು ಹೊರಗೆ ನಿಲ್ಲಿಸಿದವರನ್ನು ನೋಡಿ ಲೋಕವನ್ನೆಲ್ಲ ನಗಿಸಿದವರ ಮನೆಯ ಬಾಗಿಲಲ್ಲಿಯೇ ಇದು ನಡೆಯಿತು! ಅವರ ವಿನೋದವು ತಿರುಗಿ ಅವರ ಅಂಗಳಕ್ಕೇ ಬಂದು ನಿಂತಿತು. ಅದನ್ನು ತೋರಿಸಿಕೊಟ್ಟವನು ತೊಡೆಯ ಮೇಲೆ ಆಡಿದ ಹುಡುಗನು.

ಇಲ್ಲಿ ಒಂದು ಸಿಟ್ಟಿನ ಮಾತಿಗೆ ಅವಕಾಶವಿತ್ತು. ಹಿರಿಯರಾದವರು ಇಂಥ ಸಮಯದಲ್ಲಿ ಆಡುವ ಮಾತು ಯಾರಿಗೆ ತಿಳಿಯದು? ನಿನ್ನೆ ಮೊನ್ನೆಯವನು ನೀನು, ನನಗೆ ಹೇಳಬಂದೆಯಾ ಎಂಬದೇ ಅದು. ಬಸವಣ್ಣನವರು ಎದ್ದರು, ಹೊರಗೆ ಬಂದು ಪ್ರಭುದೇವರ ಪಾದಕ್ಕೆರಗಿದರು. ಮುಂದೆ ಸಿದ್ಧರಾಮಯ್ಯನವರಿಗೆ ಇಷ್ಟಲಿಂಗ ದೀಕ್ಷೆಯನ್ನು ಕೊಡುವ ಪ್ರಸಂಗವು ಬಂದಾಗ, ಕೆರೆಗುಡಿಗಳನ್ನು ಕಟ್ಟಿಸಿ ನಾಡಿನಲ್ಲೆಲ್ಲ ಹೆಸರುಗೊಂಡಿದ್ದ ಆ ಯೋಗಿಗೆ ಗುರುವಾದವರು ಚೆನ್ನಬಸವಣ್ಣನವರೇ. ಮಹಾಮನೆಯ ಯಜಮಾನರು ಆ ಗೌರವವು ತಮಗೆ ಬರಲಿಲ್ಲವೆಂದು ಕುಂದಿದ ಸುಳಿವು ಎಲ್ಲಿಯೂ ಇಲ್ಲ. ಮಠಗಳಲ್ಲಿಯೂ ಮನೆಗಳಲ್ಲಿಯೂ ಪೀಠವನ್ನು ಕಿರಿಯರಿಗೆ ಬಿಟ್ಟುಕೊಡುವ ಸಮಯವು ಬಂದಾಗ ಹಿರಿಯರ ಮುಖವು ಹೇಗಾಗುವದೆಂಬದನ್ನು ಕಂಡವರಿಗೆ ಈ ಪ್ರಸಂಗದ ಬೆಲೆಯು ತಿಳಿದೀತು.

ಸುಖದ ದಿವಸಗಳು ಬಹಳವಿರಲಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವಯ್ಯನ ಮಗಳಿಗೂ ವಿವಾಹವಾಯಿತು. ಬಿಜ್ಜಳನು ಆ ಇಬ್ಬರು ತಂದೆಯರನ್ನೂ ಕಣ್ಣು ಕೀಳಿಸಿ ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿದನು. 1167–68ರ ಸುಮಾರಿಗೆ ಬಿಜ್ಜಳನ ಕೊಲೆಯೂ ಕಲ್ಯಾಣದ ವಿಪ್ಲವವೂ ನಡೆದು ಶರಣರ ಸಮೂಹವು ದಿಕ್ಕುದಿಕ್ಕಿಗೆ ಚದರಿತು. ಕುಲವನ್ನು ಮೀರಿ ಎಲ್ಲರನ್ನೂ ಒಂದು ಮನೆಯವರನ್ನಾಗಿ ಮಾಡಹೊರಟವರು ತಮ್ಮ ಮನೆಯನ್ನೇ ಕಳೆದುಕೊಂಡರು. ಬಸವಣ್ಣನವರು ಅದಕ್ಕೆ ಮೊದಲೇ ಕೂಡಲಸಂಗಮಕ್ಕೆ ತೆರಳಿದ್ದರು. ಹುಡುಗನಾಗಿ ಹೋಗಿ ಆಶ್ರಯಪಡೆದ ಆ ನದಿಗಳ ಕೂಡಲಿಗೆ ಅವರು ತಿರುಗಿ ಬಂದಾಗ ಜೊತೆಯಲ್ಲಿ ಪತ್ನಿಯರಿರಲಿಲ್ಲ, ಅಕ್ಕನಿರಲಿಲ್ಲ, ಅಳಿಯನಿರಲಿಲ್ಲ.

ಅಂತ್ಯವು ಸಮೀಪಿಸಿತೆಂದು ತಿಳಿದ ಬಸವಣ್ಣನವರು ನೀಲಾಂಬಿಕೆಯನ್ನು ಕರೆತರುವದಕ್ಕೆ ಅದೇ ಅಪ್ಪಣ್ಣನನ್ನು ಕಲ್ಯಾಣಕ್ಕೆ ಅಟ್ಟಿದರು. ಆಯುಷ್ಯವೆಲ್ಲ ಕೊಟ್ಟೇ ಕೊಟ್ಟ ಮನುಷ್ಯನು ಕಡೆಯಲ್ಲಿ ತನಗಾಗಿ ಕೇಳಿದ್ದು ಇದೊಂದನ್ನೇ. ಸಂಗಮದಲ್ಲಿರುವ ಸಂಗಯ್ಯನು ಇಲ್ಲಿ ಇಲ್ಲವೇ ಎಂಬರ್ಥದ ಉತ್ತರವನ್ನು ನೀಲಾಂಬಿಕೆಯು ಕೊಟ್ಟಳೆಂದು ಪರಂಪರೆಯು ಹೇಳುವದು. ಇದನ್ನು ವೈರಾಗ್ಯವೆಂದು ಕೆಲವರು ಹೊಗಳುವರು, ಕಠಿನವೆಂದು ಕೆಲವರು ಮರುಗುವರು. ಆದರೆ ಇದು ಯಾರ ಮಾತು? ದೇವರು ಗುಡಿಯಲ್ಲಿಲ್ಲ, ಒಂದು ಸ್ಥಳದಲ್ಲಿಲ್ಲ, ದೇಹವೇ ದೇಗುಲವೆಂದು ಆಕೆಗೆ ಕಲಿಸಿದವರು ಯಾರು? ಗಂಡನು ಲೋಕಕ್ಕೆ ಹೇಳಿದ ಮಾತನ್ನೇ ಹೆಂಡತಿಯು ಗಂಡನಿಗೆ ತಿರುಗಿಸಿ ಹೇಳಿ ಕಳುಹಿದಳು. ಅಪ್ಪಣ್ಣನ ಬಾಯಿಂದ ಅದನ್ನು ಕೇಳಿದ್ದರೆ ಬಸವಣ್ಣನವರು ಮೊದಲು ನಗುತ್ತಿದ್ದರು, ಆಮೇಲೆ ಏನು ಮಾಡುತ್ತಿದ್ದರೋ ಬಲ್ಲವರಿಲ್ಲ. ಆದರೆ ಆ ಉತ್ತರವು ಬಂದು ಮುಟ್ಟುವದರೊಳಗೆ ಅವರು ಸಂಗಮನಲ್ಲಿ ಐಕ್ಯರಾಗಿದ್ದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನೀಲಾಂಬಿಕೆಯೂ ಆಮೇಲೆ ಬಹಳ ಕಾಲ ಉಳಿಯಲಿಲ್ಲ. ಸಂಗಯ್ಯನೆಂಬ ಅಂಕಿತದ ಆಕೆಯ ವಚನಗಳಲ್ಲಿ ಬಸವನೆಂಬ ಹೆಸರು ಎಷ್ಟು ಸಲ ಬರುವದೆಂಬದನ್ನು ನೋಡಿದವರು ಆಕೆಯ ಉತ್ತರವನ್ನು ಕಠಿನವೆನ್ನಲಾರರು.

ಅಳಿಯನಿಗೆ ಅಳುವದಕ್ಕೂ ಬಿಡುವಿರಲಿಲ್ಲ. ಬಿಜ್ಜಳನ ಮಕ್ಕಳ ಸೈನ್ಯವು ಬೆನ್ನಟ್ಟಿ ಬರುತ್ತಿರಲು, ತಾಯಿಯನ್ನೂ ಅತ್ತೆ ಗಂಗಾಂಬಿಕೆಯನ್ನೂ ಶರಣರನ್ನೂ ವಚನಗಳ ಕಟ್ಟುಗಳನ್ನೂ ಕಾಪಾಡಿಕೊಂಡು ಚೆನ್ನಬಸವಣ್ಣನವರು ಮಲಪ್ರಭೆಯ ದಂಡೆಯನ್ನು ಹಿಡಿದು ಪಡುವಲ ಕಾಡಿನ ಕಡೆಗೆ ಸಾಗಿದರೆಂದು ಪ್ರತೀತಿಯುಂಟು. ಮಾವನು ಬಿಟ್ಟುಹೋದ ಆಸ್ತಿಯೆಂದರೆ ಆ ಕಟ್ಟುಗಳೇ. ಉತ್ತರ ಕನ್ನಡ ಜಿಲ್ಲೆಯ ಉಳವಿಯಲ್ಲಿ, ದಟ್ಟಡವಿಯ ನಡುವೆ, ಕಿರಿಯ ವಯಸ್ಸಿನಲ್ಲಿಯೇ ಅವರು ಐಕ್ಯರಾದರು. ಮಾಘಮಾಸದಲ್ಲಿ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಅಲ್ಲಿಯ ಜಾತ್ರೆಗೆ ಧಾರವಾಡ ಬೆಳಗಾವಿ ಸೀಮೆಯ ಒಕ್ಕಲಿಗರು ಎತ್ತಿನ ಬಂಡಿಗಳನ್ನು ಕಟ್ಟಿಕೊಂಡು ಘಟ್ಟದ ದಾರಿಯನ್ನು ಹಿಡಿಯುವರು. ಬಂಡಿಯಲ್ಲಿ ಹೆಂಗಸರು ಮಕ್ಕಳು, ಬುತ್ತಿಯ ಗಂಟುಗಳು.

ಒಂದೇ ಪಂಕ್ತಿಯಲ್ಲಿ ಉಂಡ ಆ ಮನೆಯವರ ಐಕ್ಯಸ್ಥಾನಗಳು ಹೀಗೆ ಬೇರೆ ಬೇರೆಯಾಗಿ ಬಿದ್ದಿವೆ. ಅಕ್ಕ ನಾಗಲಾಂಬಿಕೆಯದು ತರೀಕೆರೆಯ ಸಮೀಪದ ಎಣ್ಣೆಹೊಳೆಯಲ್ಲಿದೆಯೆಂದು ನಂಬುಗೆ. ನೀಲಾಂಬಿಕೆಯದು ಕೃಷ್ಣಾನದಿಯ ದಂಡೆಯ ಮೇಲಿನ ತಂಗಡಗಿಯಲ್ಲಿದೆ, ಬಸವಣ್ಣನವರದು ಕೂಡಲಸಂಗಮದಲ್ಲಿದೆ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಆ ಐಕ್ಯಮಂಟಪವನ್ನು ಸುತ್ತುವರಿದಿರುವದರಿಂದ, ಭಕ್ತರು ನೀರಿನ ನಡುವೆ ಬಾವಿಯಂತೆ ಕಟ್ಟಿದ ಗೋಡೆಯೊಳಗೆ ಮೆಟ್ಟಿಲುಗಳನ್ನಿಳಿದು ದರ್ಶನವನ್ನು ಪಡೆಯುವರು. ಗಂಗಾಂಬಿಕೆಯ ಐಕ್ಯಮಂಟಪವು ಅಲ್ಲಿಂದ ಬಹು ದೂರ ಪಡುವಲಿಗೆ, ಬೆಳಗಾವಿ ಜಿಲ್ಲೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಪಾತ್ರದಲ್ಲಿದೆ. ಮಳೆಗಾಲದಲ್ಲಿ ಆ ಮಂಟಪವನ್ನು ತೊಯಿಸಿ ಮುಂದೆ ಹರಿಯುವ ನೀರು ಸವದತ್ತಿ, ಬಾದಾಮಿ ಸೀಮೆಗಳನ್ನು ದಾಟಿ, ಕೂಡಲದಲ್ಲಿ ಕೃಷ್ಣೆಯನ್ನು ಕೂಡುವದು.